ಅದರ ಕಡೆ ನೋಡ್ಬೇಡಿ

ಹುಳಿಮಾವು ಕೆರೆ ಆಚೆ ಒಂದು ನಾಯಿಗಳ ಶೆಲ್ಟರ್ ಇದೆ. ಭಾನುವಾರ ಬಂತು ಅಂದ್ರೆ ಜೆಪಿ ನಗರದಿಂದ ಸ್ಕೂಟರ್ ಹತ್ತಿ ಅಲ್ಲಿಗೆ ಹೋಗ್ತೀನಿ. ಯಾವ ನಾಯಿ ಎಂಥ ಮನೆಗೆ ಹೊಂದ್ಕೊಳ್ಳುತ್ತೆ ಅಂತ ಪರೀಕ್ಷೆ ಮಾಡಿ ಹೇಳೋದು ನನ್ನ ಕೆಲಸ. ನಾಯಿ ಜೊತೆ ಒಂದು ರೂಮಲ್ಲಿ ಕೂತ್ಕೋತೀನಿ. ಸ್ಟೀಲ್ ತಟ್ಟೆ ಬೀಳಿಸ್ತೀನಿ, ಪಟ್ ಅಂತ ಛತ್ರಿ ಬಿಚ್ತೀನಿ, ಹೆಲ್ಮೆಟ್ ಹಾಕ್ಕೊಂಡು ಒಳಗೆ ಬರ್ತೀನಿ, ತಿನ್ನುವಾಗ ಬಟ್ಟಲಿನ ಹತ್ರ ಕೈ ತರ್ತೀನಿ. ನಮ್ಮ ಯಜಮಾನ್ರು ಇದಕ್ಕೆ ವಧುಪರೀಕ್ಷೆ ಅಂತಾರೆ. ಅವರಿಗೇನು, ಸೋಫಾದಲ್ಲಿ ಕೂತು ಆಡ್ಕೋತಾರೆ.

ಒಂದು ಸಣ್ಣ ನಾಯೀನ ಯಾರೋ ಬೆಳಿಗ್ಗೆ ಬೆಳಿಗ್ಗೆ ಶೆಲ್ಟರ್ ಗೇಟಿಗೆ ಕಟ್ಟಿ ಹೋಗಿದ್ರು. ಪಾಮೇರಿಯನ್ ಬೆರಕೆ, ಬಿಳಿ ಮೈ, ಒಂದು ಕಿವಿ ಮಾತ್ರ ಕಂದು. ಹೆಸರೂ ಇಡ್ಲಿಲ್ಲ, ಸಣ್ಣದು ಅಂತಲೇ ಕರೀತಿದ್ವಿ. ನಾನು ತಟ್ಟೆ ಬೀಳಿಸಿದೆ. ಬೇರೆ ನಾಯಿಗಳಾದ್ರೆ ಹಾರ್ತವೆ, ಬೊಗಳ್ತವೆ, ಬಾಗಿಲಿಗೆ ಓಡ್ತವೆ. ಇದು ಗೋಡೆ ಕಡೆ ಮುಖ ಮಾಡ್ಕೊಂಡು ಕೂತಿದ್ದು, ಕೂತ ಹಾಗೇ ಉಚ್ಚೆ ಮಾಡ್ಕೊಳ್ತು. ಓಡೋ ನಾಯಿಗೆ ಎಲ್ಲೋ ಒಂದು ಕಡೆ ಜಾಗ ಇದೆ ಅನ್ನೋ ನಂಬಿಕೆ ಇರುತ್ತೆ. ಇದಕ್ಕೆ ಅದೂ ಇರ್ಲಿಲ್ಲ.

ಕೊನೆಗೆ ಸಾಕಾಗಿ, ಅದಕ್ಕೆ ಬೆನ್ನು ಹಾಕಿ ಮೊಬೈಲ್ ನೋಡ್ತಾ ಕೂತ್ಕೊಂಡೆ. ಎಷ್ಟೋ ಭಾನುವಾರ ಹಾಗೇ ಹೋಯ್ತು. ಒಂದಿನ ಸೊಂಟದ ಹತ್ರ ತಣ್ಣಗೆ ಏನೋ ತಾಗ್ತು. ಅದರ ಮೂಗು. ಖುಷಿಗೆ ತಿರುಗಿದೆ ನೋಡಿ, ತಕ್ಷಣ ಮತ್ತೆ ಗೋಡೆ ಸೇರ್ಕೊಳ್ತು. ಇದಕ್ಕೆ ನಮ್ಮ ಮುಖ ಬೇಡ, ಬೆನ್ನು ಸಾಕು ಅಂತ ಅವತ್ತು ಗೊತ್ತಾಯ್ತು.

ಆದ್ರೆ ಟೈಮ್ ಇರ್ಲಿಲ್ಲ. ಶೆಲ್ಟರ್ ನೋಡ್ಕೊಳ್ಳೋ ಮೇಡಂ ಮೊದಲೇ ಹೇಳ್ಬಿಟ್ಟಿದ್ರು, ಜಾಗ ಸಾಲ್ತಿಲ್ಲ, ಮನೆ ಸಿಗದೇ ಇರೋವನ್ನೆಲ್ಲ ಕನಕಪುರ ರೋಡ್ ಕಡೆ ಇರೋ ಬಯಲು ಶೆಡ್ಡಿಗೆ ಕಳಿಸ್ತೀನಿ ಅಂತ. ಆ ಶೆಡ್ ನಾನು ನೋಡಿದ್ದೀನಿ. ದೊಡ್ಡ ದೊಡ್ಡ ಬೀದಿನಾಯಿಗಳು ಒಟ್ಟಿಗೆ ಇರ್ತವೆ. ಹಿಂದೆ ಹೀಗೇ ಹೋಗಿದ್ದ ಒಂದು ಪುಟ್ಟ ನಾಯಿ ನೀರಿನ ಡ್ರಮ್ ಹಿಂದೆ ಸೇರ್ಕೊಂಡು, ಬೇರೆಯವೆಲ್ಲ ತಿಂದು ಮಲಗಿದ ಮೇಲೆ ಈಚೆ ಬಂದು ಖಾಲಿ ಬಟ್ಟಲು ನೆಕ್ತಿತ್ತು. ಸಣ್ಣದಕ್ಕೂ ಅದೇ ಗತಿ. ನೀನೇ ಇಟ್ಕೋಬಾರ್ದಿತ್ತಾ ಅಂತ ಎಲ್ಲರೂ ಕೇಳ್ತಾರೆ. ನಮ್ಮನೇಲಿರೋ ಎರಡು ಧಡಿಯ ನಾಯಿಗಳಿಗೆ ಇನ್ನೊಂದು ನಾಯಿಯ ವಾಸನೆ ಬಂದ್ರೆ ಆಗಲ್ಲ. ಒಂದ್ಸಲ ಬೇರೊಂದನ್ನ ತಂದು ನೋಡಿದ್ದೆ, ಕಚ್ಚಾಟ ಬಿಡಿಸೋಷ್ಟರಲ್ಲಿ ನನ್ನ ಕೈಗೇ ಹೊಲಿಗೆ ಬಿದ್ದಿತ್ತು.

ಅಷ್ಟರಲ್ಲಿ ಗಂಡ ಹೆಂಡತಿ ಇಬ್ಬರು ನಾಯಿ ಬೇಕು ಅಂತ ಬಂದ್ರು. ಬಾಗಲಕೋಟೆ ಕಡೆಯವರು, ಬಿಟಿಎಂನಲ್ಲಿ ಮಹಡಿ ಮೇಲೆ ಬಾಡಿಗೆಗೆ ಇದ್ರು. ಆತ ಬೊಮ್ಮನಹಳ್ಳಿ ಗಾರ್ಮೆಂಟ್ಸಲ್ಲಿ ಸೂಪರ್‌ವೈಸರ್, ಬೆಳಿಗ್ಗೆ ಹೋದ್ರೆ ಬರೋದು ಕತ್ತಲಾದ ಮೇಲೇ. ಆಕೆಗೆ ಐವತ್ತು ದಾಟಿತ್ತು, ಹಣೆ ತುಂಬ ವಿಭೂತಿ, ಬಾಯಿ ತುಂಬ ಮಾತು. "ಹಗಲೆಲ್ಲ ಮಾತಾಡಾಕ ಒಂದು ನರಪಿಳ್ಳೆ ಇಲ್ಲರೀ ಅಕ್ಕಾರ. ಗ್ವಾಡಿ ಜೋಡಿ ಎಷ್ಟಂತ ಮಾತಾಡ್ಲಿ?" ಅಂದ್ರು.

ಮನೆ ನೋಡಿ ಬಂದೆ. ಸದ್ದಿಲ್ಲದ ಗಲ್ಲಿ, ಮಂಚದ ಕೆಳಗೆ ಕತ್ತಲೆ ಜಾಗ. ಇದಕ್ಕಿಂತ ಒಳ್ಳೇ ಮನೆ ಎಲ್ಲಿ ಸಿಗುತ್ತೆ ಅನ್ನಿಸ್ತು. ಆಕೇನ ಎದುರಿಗೆ ಕೂರಿಸ್ಕೊಂಡು ಹೇಳಿದೆ, "ಅಮ್ಮ, ಮೊದಮೊದಲು ಅದರ ಕಡೆ ನೋಡ್ಬೇಡಿ. ಮಾತಾಡಿಸ್ಬೇಡಿ, ಮುಟ್ಬೇಡಿ. ಊಟ ಇಟ್ಟು ಎದ್ದೋಗಿ. ತಾನಾಗೇ ಬರೋವರೆಗೂ ಮನೇಲಿ ನಾಯೀನೇ ಇಲ್ಲ ಅನ್ನೋ ಹಾಗೆ ಇರಿ." "ಹೂನ್ರಿ, ಹಂಗ ಮಾಡ್ತೀನ್ರಿ" ಅಂದ್ರು. ಹೇಳಿದ್ದನ್ನೆಲ್ಲ ಒಂದ್ಸಲ ಒಪ್ಪಿಸಿ ಅಂದೆ. ಮಗ್ಗಿ ಥರ ಒಪ್ಪಿಸಿದ್ರು.

ನಾಯಿ ಕೊಟ್ಟ ಸ್ವಲ್ಪ ದಿನಕ್ಕೆ ಫೋನ್ ಬಂತು. ನಾಯಿ ಉಣ್ಣವಲ್ದು ಅಂತ. ಹೋಗಿ ನೋಡ್ತೀನಿ, ಸಣ್ಣದು ಮಂಚದ ಕೆಳಗೆ ಮೂಲೆಗೆ ಅಂಟ್ಕೊಂಡಿದೆ. ಈಯಮ್ಮ ನೆಲದ ಮೇಲೆ ಅಡ್ಡಬಿದ್ದು, ಬೆಣ್ಣೆ ಸವರಿದ ರೊಟ್ಟಿ ಚಾಚಿ, ಅದರ ಮುಖ ನೋಡ್ಕೊಂಡು ಮಾತಾಡ್ತಾನೇ ಇದಾರೆ. ಪಕ್ಕದಲ್ಲಿ ನೆರೆಮನೆಯವರು ಇಬ್ಬರು ಕುರ್ಚಿ ಹಾಕ್ಕೊಂಡು ಕೂತಿದಾರೆ, ಬಾಣಂತಿ ನೋಡೋಕೆ ಬಂದವರ ಹಾಗೆ. ನಂಗೆ ತಲೆ ಕೆಟ್ಟೋಯ್ತು. "ನಾನು ಹೇಳಿದ್ದೇನು, ನೀವು ಮಾಡ್ತಿರೋದೇನು?" ಅಂತ ಹಾರಾಡಿದೆ.

ಆಕೆಗೆ ಕಣ್ಣಲ್ಲಿ ನೀರು ಬಂತು. "ಮನಿಗೆ ಬಂದದ್ದನ್ನ ಮಾತಾಡಸ್ದ ಹ್ಯಾಂಗ ಬಿಡೂದ್ರಿ? ವೈರಿ ಬಂದ್ರೂ ನಾವು ಬರ್ರಿ, ಕೂಡ್ರಿ ಅಂತೀವಿ. ಇದೇನ್ ಪಾಪ ಮಾಡೇತ್ರಿ, ಮಾರಿ ತಿರುವಾಕ?" ಹಾಗಂತಲೇ ಒಳಗೆ ಹೋಗಿ ತಟ್ಟೆ ತುಂಬ ಅವಲಕ್ಕಿ ಚೂಡಾ, ಚಹಾ ತಂದಿಟ್ರು. ಬೈಯೋಕೆ ಹೋದವಳು ತಿಂದು ಬಂದೆ. ಹೊರಡುವಾಗ ಇನ್ನೊಂದ್ಸಲ ಎಲ್ಲ ಹೇಳಿದೆ. ಈ ಸಲ ದೇವರ ಮುಂದೆ ಆಣೆ ಇಟ್ರು.

ಆಮೇಲೆ ನಿಜವಾಗ್ಲೂ ಪ್ರಯತ್ನಪಟ್ರಂತೆ. ಶ್ರಾವಣ ಸೋಮವಾರದವರೆಗೂ. ಅವತ್ತು ಪೂಜೆ ಮಾಡಿ, ಗೋಧಿ ಹುಗ್ಗಿ ಮಾಡಿ, ಕೆಳಗಿನ ಓನರ್ ಆಂಟೀನ ಪ್ರಸಾದಕ್ಕೆ ಕರೆದಿದ್ರು. ಎಲ್ಲರಿಗೂ ಬಡಿಸಿ ಆದ ಮೇಲೆ ಮಂಚದ ಕೆಳಗಿನದು ನೆನಪಾಯ್ತು. "ಮನಿ ಕೂಸು ಅದೊಂದ ಉಪಾಸ ಕುಂತಿತ್ರೀ. ನನಗ ಜೀವ ತಡೀಲಿಲ್ಲ" ಅಂದ್ರು ಆಮೇಲೆ. ಕೈ ಹಾಕಿ ಈಚೆಗೆ ಎಳೆದು ಎತ್ಕೊಂಡ್ರು. ಓನರ್ ಆಂಟಿ ಮುದ್ದು ಮಾಡೋಕೆ ಬಗ್ಗಿದ್ರು. ಗೋಡೇನೂ ಇಲ್ಲ, ಮಂಚಾನೂ ಇಲ್ಲ, ಎರಡು ಕಡೆಯಿಂದಲೂ ಮುಖ. ಸಣ್ಣದು ಕಚ್ತು.

ಜಯನಗರದ ಕ್ಲಿನಿಕ್ಕಲ್ಲಿ ಓನರ್ ಆಂಟಿಗೆ ಇಂಜೆಕ್ಷನ್ ಆಯ್ತು. ನಾಯಿ ಇರ್ಬೇಕು, ಇಲ್ಲ ನೀವಿರ್ಬೇಕು ಅಂದ್ರು. ಅವರದ್ದೇನೂ ತಪ್ಪಿಲ್ಲ. ಸಂಜೆಗೆ ಸಣ್ಣದು ಮತ್ತೆ ಶೆಲ್ಟರ್ ಗೋಡೆ ನೋಡ್ಕೊಂಡು ಕೂತಿತ್ತು. ಕಚ್ಚಿದ ನಾಯೀನ ಇನ್ನೊಬ್ಬರಿಗೆ ಹೇಗೆ ಕೊಡ್ಲಿ ಅಂತ ಶೆಲ್ಟರ್ ಮೇಡಂ ಕೈ ಚೆಲ್ಲಿದ್ರು. ಜಗಳ ಆಡಿದೆ. ಗೊತ್ತಿರೋ ಗ್ರೂಪಿಗೆಲ್ಲ ಫೋಟೋ ಹಾಕಿದೆ. ಫೋನ್ ಬರ್ತಿತ್ತು, ಕಚ್ಚುತ್ತಾ ಮೇಡಂ ಅಂತ ಕೇಳೋರು, ಹೌದು ಅಂದ್ರೆ ಇಡೋರು. ಸುಳ್ಳು ಹೇಳಿ ನಾಯಿ ಕೊಡೋಕಾಗುತ್ತಾ?

ಆಕೆ ಮಾತ್ರ ಬಿಡ್ಲಿಲ್ಲ. ಭಾನುವಾರ ಭಾನುವಾರ ಬಸ್ ಬದಲಾಯಿಸ್ಕೊಂಡು ಶೆಲ್ಟರಿಗೆ ಬರೋರು. ನಾಯಿ ಇದ್ದ ರೂಮೊಳಗೆ ಹೋಗಿ, ಅದಕ್ಕೆ ಬೆನ್ನು ಹಾಕಿ ನೆಲದ ಮೇಲೆ ಕೂತ್ಕೊಳ್ಳೋರು. ಒಂದು ಮಾತಿಲ್ಲ. ಮಾತು ಬಂದಾಗೆಲ್ಲ ಸೆರಗಿನ ತುದಿ ಬಾಯಿಗೆ ಒತ್ಕೊಳ್ಳೋರು. ನಾನು ಬಾಗಿಲಲ್ಲಿ ನಿಂತು ನೋಡ್ತಿದ್ದೆ. ಈ ಬುದ್ಧಿ ಮೊದಲೇ ಬಂದಿದ್ರೆ ಅಂತ ಹೊಟ್ಟೆ ಉರೀತಿತ್ತು, ಪಾಪ ಅಂತಲೂ ಅನ್ನಿಸ್ತಿತ್ತು.

ಶೆಡ್ಡಿನ ವ್ಯಾನ್ ಸೋಮವಾರ ಬರುತ್ತೆ ಅಂತ ಗೊತ್ತಾಯ್ತು. ಹಿಂದಿನ ದಿನ ಭಾನುವಾರ ಆಕೆಗೂ ಹೇಳಿದೆ. ತಲೆ ಆಡಿಸಿ, ಎಂದಿನ ಹಾಗೇ ಹೋಗಿ ಕೂತ್ರು. ಎಷ್ಟೋ ಹೊತ್ತಿನ ಮೇಲೆ ಸಣ್ಣದು ಎದ್ದಿತು. ಗೋಡೆ ಬಿಟ್ಟು, ಹೊಟ್ಟೆ ನೆಲಕ್ಕೆ ತಾಗಿಸ್ಕೊಂಡು ಬಂದು, ನೆಲದ ಮೇಲೆ ಬಿದ್ದಿದ್ದ ಸೆರಗನ್ನ ಮೂಸಿ ನೋಡ್ತು. ಆಮೇಲೆ ಆ ಸೆರಗಿನ ಮೇಲೇ ಗದ್ದ ಇಟ್ಟು ಮಲಗ್ತು. ಆಕೆ ಕದಲದೆ ಪಿಸುಗುಟ್ಟಿದ್ರು, "ಬಂತೇನ್ರೀ?"

"ಬಂತು" ಅಂದೆ.

"ತಿರುಗಿ ನೋಡ್ಲೇನ್ರೀ?"

"ಬೇಡ" ಅಂದೆ. ಇಷ್ಟು ದಿನ ಎಲ್ಲರಿಗೂ ಹೇಳ್ಕೊಂಡು ಬಂದ ಮಾತು, ಬಾಯಿಂದ ಹಾಗೇ ಬಂದ್ಬಿಡ್ತು. ಮಾರನೇ ದಿನ ವ್ಯಾನ್ ಬರೋದಿತ್ತು, ನೋಡಿದ್ರೆ ಕಳ್ಕೊಳ್ಳೋಕೆ ಏನಿತ್ತು? ಆಕೆ ನನ್ನ ಮಾತು ಕೇಳಿದ್ರು. ಹೊರಗೆ ಯಾವುದೋ ನಾಯಿ ಬೊಗಳಿದ್ದಕ್ಕೆ ಸಣ್ಣದು ಮತ್ತೆ ಗೋಡೆಗೆ ಹೋಯ್ತು. ಆಕೆ ಎದ್ದು, ಸೆರಗು ಸರಿ ಮಾಡ್ಕೊಂಡು, ಹಿಂದೆ ನೋಡದೇ ಬಸ್ ಸ್ಟಾಪಿಗೆ ನಡೆದ್ರು.

ಈಗ್ಲೂ ಆಗಾಗ ಫೋನ್ ಮಾಡ್ತಾರೆ. ಊಟ ಆತೇನ್ರಿ, ಆರಾಮ ಅದೀರೇನ್ರಿ ಎಲ್ಲ ಆದ ಮೇಲೆ ಕೇಳೋದು ಒಂದೇ, "ಅಕ್ಕಾರ, ಅವತ್ತು ನನ್ನ ಹಿಂದ ಬಂದಾಗ ಅದರ ಮಾರಿ ಹ್ಯಾಂಗಿತ್ರೀ?" ಪ್ರತಿ ಸಲ ಹೇಳ್ತೀನಿ, ಕಂದು ಕಿವಿ ಮುಂದಕ್ಕೆ ಬಂದಿತ್ತು, ಕಣ್ಣು ಅರ್ಧ ಮುಚ್ಚಿತ್ತು ಅಂತ. ಶೆಡ್ಡಲ್ಲಿ ಹೇಗಿದೆ ಅಂತ ಆಕೆ ಯಾವತ್ತೂ ಕೇಳಿಲ್ಲ. ನಾನು ಹೋಗಿ ನೋಡಿ ಬಂದೆ, ನೀರಿನ ಡ್ರಮ್ ಹಿಂದೆ ಇದೆ.