ಕರೆಂಟ್ ಒಲೆಗೆ ನಾಲ್ಕು ಆಂಪ್

ಐವತ್ತರ ದಶಕದಲ್ಲಿ ಮದುವೆಯಾಗಿ ಲಕ್ಷ್ಮೀಪುರಂ ಮನೆಗೆ ಬಂದಾಗ, ಅಲ್ಲಿನ ಸೌದೆ ಒಲೆಯ ಹೊಗೆಗೂ ನನ್ನ ಕಣ್ಣಿಗೂ ಹೊಂದಲೇ ಇಲ್ಲ. ಸದಾ ಕಣ್ಣೊರೆಸಿಕೊಳ್ಳುತ್ತಿದ್ದ ನನ್ನನ್ನು ಕಂಡು ಅಕ್ಕಪಕ್ಕದವರು ಅತ್ತೆಯವರನ್ನೇ ಅನುಮಾನಿಸತೊಡಗಿದಾಗ, ನಮ್ಮವರು ಒಂದು ಕರೆಂಟ್ ಒಲೆ ತಂದರು. ಸುರುಳಿ ತಂತಿ ಕೆಂಪಗಾಗುವ ಚೆಂದ ನೋಡುತ್ತ ಮೊದಲ ದಿನವೇ ಹಾಲುಕ್ಕಿಸಿದೆ.

ತೊಂದರೆಯೆಲ್ಲ ದೀಪ ಹಚ್ಚುವ ಹೊತ್ತಿನದು. ಆಗ ಲಕ್ಷ್ಮಿ ಮನೆಯೊಳಗೆ ಬರುತ್ತಾಳೆ, ಎಲ್ಲೂ ಕತ್ತಲಿರಬಾರದೆಂದು ಅತ್ತೆ ಬಚ್ಚಲು, ಹಿತ್ತಿಲು ಸೇರಿ ಹತ್ತೂ ಬಲ್ಬು ಹಾಕಿ, ಒಂದೊಂದಕ್ಕೂ ಕೈಮುಗಿಯುತ್ತಿದ್ದರು. ಒಲೆಯ ಮೇಲೆ ನನ್ನ ಸಾರು ಕುದಿಯುತ್ತಿರುತ್ತಿತ್ತು. ಕೊನೆಯ ಬಲ್ಬಿಗೆ ಕೈಮುಗಿದು ಅವರು ಕಣ್ಣು ಬಿಡುವಷ್ಟರಲ್ಲಿ ಫ್ಯೂಸ್ ಹೋಗಿ ಮನೆಯೆಲ್ಲ ಕತ್ತಲು.

“ಬಾಗಿಲಿಗೆ ಬಂದೋಳ ಮುಖಕ್ಕೇ ದೀಪ ಆರಿಸ್ದಂಗಾಯ್ತಲ್ಲಮ್ಮ! ಇನ್ನೊಂದ್ಸಲ ಹಿಂಗಾಗ್ಲಿ, ಈ ಒಲೇನ ಬನ್ನಿಮಂಟಪದಲ್ಲಿರೋ ನನ್ನ ಮಗಳಿಗೆ ಕೊಟ್ಬುಡ್ತೀನಿ,” ಎಂದರು ಅತ್ತೆ ಒಂದು ಸಂಜೆ.

“ಅವಳ ಮನೇಲಿ ಕರೆಂಟೇ ಇಲ್ವಲ್ಲಮ್ಮ,” ಎಂದರು ನಮ್ಮವರು.

“ಅದಕ್ಕೇ ಅಲ್ಲಿ ಫ್ಯೂಸೂ ಹೋಗಲ್ಲ.”

ಮತ್ತೆ ಸೌದೆ, ಮತ್ತೆ ಹೊಗೆ ಎಂದು ನನಗೆ ದಿಗಿಲಾಯಿತು. ಮಾರನೆಯ ಬೆಳಿಗ್ಗೆ ಒಲೆಯನ್ನು ಬೋರಲು ಹಾಕಿ ನೋಡಿದೆ. ಅಡಿಯ ತಗಡಿನಲ್ಲಿ ೨೩೦ ವೋಲ್ಟ್, ೪ ಆಂಪ್ ಎಂದಿತ್ತು. ಕಾನ್ವೆಂಟಿನಲ್ಲಿ ಸಿಸ್ಟರ್ ಕಲಿಸಿದ್ದ ಲೆಕ್ಕವನ್ನು ಅಡುಗೆಮನೆಯ ನೆಲದ ಮೇಲೆ ಸೀಮೆಸುಣ್ಣದಲ್ಲಿ ಮಾಡಿದೆ. ವೋಲ್ಟನ್ನು ಆಂಪಿನಿಂದ ಭಾಗಿಸಿದರೆ ತಂತಿಯ ರೋಧ, ಐವತ್ತೇಳೂವರೆ ಓಮ್. ಗುಣಿಸಿದರೆ ಅದು ನುಂಗುವ ಶಕ್ತಿ, ಒಂಬೈನೂರ ಇಪ್ಪತ್ತು ವಾಟ್. ನಮ್ಮ ಫ್ಯೂಸ್ ತಾಳುವುದು ಐದೇ ಆಂಪ್, ಅಂದರೆ ಸಾವಿರದ ನೂರೈವತ್ತು ವಾಟ್. ಒಲೆಯ ಪಾಲು ಕಳೆದರೆ ಲಕ್ಷ್ಮಿಗೆ ಉಳಿಯುವುದು ಇನ್ನೂರ ಮೂವತ್ತು. ಅತ್ತೆಯವರು ಹಾಕುತ್ತಿದ್ದ ಅರವತ್ತು ವಾಟಿನ ಹತ್ತು ಬಲ್ಬಿಗೆ ಬೇಕಾದದ್ದು ಆರುನೂರು!

“ಅತ್ತೆ, ಸಾರು ಕುದಿಯೋವಾಗ ಮೂರೇ ಬಲ್ಬು ಹಾಕಿದ್ರೆ ಫ್ಯೂಸ್ ಹೋಗಲ್ಲ.”

“ಮಿಕ್ಕ ಕಡೆಯೆಲ್ಲ ಲಕ್ಷ್ಮಿ ತಡಕಾಡ್ಕೊಂಡು ಹೋಗ್ಬೇಕಾ? ಹತ್ತೂ ಉರೀಬೇಕು ಕಣಮ್ಮ.”

“ಬೆಳಕು ಸ್ವಲ್ಪ ಕಮ್ಮಿ ಆದ್ರೆ?”

“ದೇವರ ಮುಂದಿನ ಹಣತೆ ಎಷ್ಟು ಬೆಳಕು ಕೊಡುತ್ತೆ? ಉರಿದ್ರೆ ಸಾಕು.”

ನನಗೆ ಬೇಕಾಗಿದ್ದುದೂ ಆ ಮಾತೇ. ಮಧ್ಯಾಹ್ನ ಅಂಗಡಿಗೆ ಹೋಗಿ ಹದಿನೈದು ವಾಟಿನ ಹತ್ತು ಬಲ್ಬು ತಂದು, ಸ್ಟೂಲು ಹತ್ತಿ ನಾನೇ ಬದಲಾಯಿಸಿದೆ. ಎಲ್ಲ ಸೇರಿ ನೂರೈವತ್ತು ವಾಟ್.

ಸಂಜೆ ಅತ್ತೆ ಒಂದೊಂದೇ ಸ್ವಿಚ್ಚು ಹಾಕುತ್ತ ಬಂದರು. ನಾನು ಸಾರಿನ ಪಾತ್ರೆಯ ಮುಂದೆ ಸೌಟು ಹಿಡಿದು ಒಂದೊಂದನ್ನೂ ಎಣಿಸುತ್ತಿದ್ದೆ. ಹತ್ತನೆಯದೂ ಉರಿಯಿತು. ಸಾರು ಕುದಿಯುತ್ತಲೇ ಇತ್ತು!

ಆದರೆ ಬಲ್ಬು ಉರಿಯುತ್ತಿದೆಯೇ ಎಂದು ನೋಡಲು ಇನ್ನೊಂದು ದೀಪ ಬೇಕಿತ್ತು. ಕಚೇರಿಯಿಂದ ಬಂದ ನಮ್ಮವರು ಹೊಸ್ತಿಲು ಎಡವಿ, ಕೋಟನ್ನು ಗೂಟವೇ ಇಲ್ಲದ ಗೋಡೆಗೆ ನೇತುಹಾಕಿದರು. ಅದು ಕೆಳಗೆ ಬಿತ್ತು.

“ಏನಮ್ಮ ಇದು, ವೋಲ್ಟೇಜ್ ಇಲ್ವಾ?”

“ಹತ್ತೂ ಉರೀತಿದೆ ಕಣೋ. ಬೇಕಾದ್ರೆ ಎಣಿಸ್ಕೋ.”

ಹಾಗೆಂದು ಮಗನ ಬಾಯಿ ಮುಚ್ಚಿಸಿದ ಅತ್ತೆ, ಹತ್ತಿಯ ಡಬ್ಬಿ ಹಿಡಿದುಕೊಂಡು ಅಡುಗೆಮನೆಗೆ ಬಂದರು. ಕೆಂಪಗೆ ಕಾದ ಒಲೆಯ ಪಕ್ಕಕ್ಕೆ ಮಣೆ ಎಳೆದುಕೊಂಡು, ಅದರ ಬೆಳಕಿನಲ್ಲಿ ದೀಪದ ಬತ್ತಿ ಹೊಸೆಯತೊಡಗಿದರು.

“ಸಾರು ಆದ್ರೂ ಒಲೆ ಆರಿಸ್ಬುಡ್ಬೇಡ ಕಣಮ್ಮ,” ಎಂದರು. “ಈ ಬತ್ತಿ ಮುಗೀಲಿ.”