ತಂಗಿಯ ಮಂಚಕ್ಕೆ ಮೇಲುಹಾಸು

ನಾವು ಅಂಗಡಿಯಲ್ಲಿ ಹೊದಿಕೆ ಅಕ್ಕ ಎಂದು ಕರೆಯುವವಳು ತನ್ನ ಅಪ್ಪನ ಮಣಿಕಟ್ಟು ಮುರಿದಾಗ ಅವಳು ಶಾಲೆ ಬಿಟ್ಟು ವರ್ಷವೂ ಆಗಿರಲಿಲ್ಲ.

ಅಪ್ಪ ಹಾಸಿಗೆ ಹೊಲಿಯುವವನು. ಮನೆಯ ಮುಂದಿನ ಕೋಣೆಯೇ ಕೆಲಸದ ಜಾಗ. ಮೂಲೆಯಲ್ಲಿ ಹತ್ತಿಯ ರಾಶಿ, ಗೋಡೆಗೆ ಒರಗಿಸಿಟ್ಟ ಉದ್ದನೆಯ ಬೆತ್ತದ ಕೋಲು. ಹಗಲೆಲ್ಲ ಆ ಕೋಲಿನಿಂದ ಗಂಟುಗಟ್ಟಿದ ಹಳೇ ಹತ್ತಿಯನ್ನು ಬಡಿದು ಬಡಿದು ಹಗುರ ಮಾಡುತ್ತಿದ್ದ. ಕೆಲಸ ಮುಗಿದ ಮೇಲೆ ಅದೇ ಕೋಲು ಅಮ್ಮನ ಬೆನ್ನಿಗೆ. ಅದಕ್ಕೆ ಕಾರಣ ಬೇಕೆಂದೇನೂ ಇರಲಿಲ್ಲ. ಊಟ ಆರಿದ್ದರೂ ಆಯಿತು, ಸುಡುತ್ತಿದ್ದರೂ ಆಯಿತು.

ಆ ಸಂಜೆ ಅಮ್ಮ ಹೊಸ್ತಿಲಿಗೆ ತಲೆ ಬಡಿದುಕೊಂಡು ಬಿದ್ದಳು. ಬಿದ್ದವಳನ್ನು ಒದೆಯುವುದಕ್ಕೆಂದು ಅಪ್ಪ ಕೋಲನ್ನು ಪಕ್ಕಕ್ಕೆಸೆದು ಬಾಗಿಲ ಚೌಕಟ್ಟು ಹಿಡಿದುಕೊಂಡ. ಚಿಕ್ಕವಳು, ಅಂದರೆ ತಂಗಿ, ಹತ್ತಿಯ ರಾಶಿಯೊಳಗೆ ಕುತ್ತಿಗೆಯ ತನಕ ಹುದುಗಿ ಕುಳಿತಿದ್ದಳು. ದೊಡ್ಡವಳು ಕೋಲೆತ್ತಿ, ಚೌಕಟ್ಟು ಹಿಡಿದಿದ್ದ ಆ ಬಲಗೈ ಮೇಲೆ ಎರಡೂ ಕೈಯಿಂದ ಬಾರಿಸಿದಳು. ಒಣ ಸೌದೆ ಲಟ್ಟನೆ ಮುರಿದ ಹಾಗೆ ಸದ್ದಾಯಿತು. ಅಪ್ಪ ಕೈಯನ್ನು ಎದೆಗೊತ್ತಿಕೊಂಡು ಕುಸಿದು ಕುಳಿತ.

ಎದ್ದು ಬಂದವಳು ಅಮ್ಮ. ಕೂದಲ ಸಂದಿಯಿಂದ ರಕ್ತ ಕೆನ್ನೆಗೆ ಇಳಿಯುತ್ತಿತ್ತು. ಬಂದವಳೇ ಮಗಳ ಕಪಾಳಕ್ಕೆ ಹೊಡೆದಳು.

"ನಾಳೆಯಿಂದ ಒಲೆ ಹೊತ್ತಿಸೋರು ಯಾರೇ? ನೀನಾ?"

"ಹೂಂ, ನಾನೇ," ಎಂದಳು ಅವಳು.

ಇದನ್ನೆಲ್ಲ ಅಕ್ಕ ನನಗೆ ಹೇಳಿದ್ದು ಬಹಳ ವರ್ಷಗಳ ನಂತರ, ಅಂಗಡಿಯಲ್ಲಿ ದಿಂಬಿನ ಚೀಲಗಳಿಗೆ ಇಸ್ತ್ರಿ ಹಾಕುತ್ತ, ಯಾರದೋ ಮನೆಯ ಸುದ್ದಿ ಎಂಬಂತೆ ನಗುನಗುತ್ತ. ಅಮ್ಮನ ಏಟು ಮಾತ್ರ ಇವತ್ತಿಗೂ ಚುರುಗುಟ್ಟುತ್ತೆ ಎಂದು ಕೆನ್ನೆ ಮುಟ್ಟಿಕೊಂಡಿದ್ದಳು.

ಮುರಿದ ಕೈ ಸೊಟ್ಟಗೆ ಕೂಡಿಕೊಂಡಿತು. ಬೆರಳು ಮಡಿಸಲು ಬರುತ್ತಿರಲಿಲ್ಲ. ಅಪ್ಪ ಮೂಲೆಯ ಮಣೆಯ ಮೇಲೆ ಕುಳಿತು ಹೊಲಿಗೆ ಹೇಳಿಕೊಟ್ಟ, ಅವಳು ಹೊಲಿದಳು. ಎಡಗೈ ನೆಟ್ಟಗೇ ಇತ್ತು, ಆದರೆ ಅದನ್ನು ಮತ್ತೆ ಯಾರ ಮೇಲೂ ಎತ್ತಲಿಲ್ಲ. ಆ ಸಂಜೆಯ ಬಗ್ಗೆ ಅಪ್ಪ ಮಗಳು ಒಂದು ಮಾತೂ ಆಡಲಿಲ್ಲ. ಹಾಗೇ ವರ್ಷಗಳು ಉರುಳಿದವು. ಅಮ್ಮ ಕಾಯಿಲೆ ಬಿದ್ದು ತೀರಿಹೋದಳು. ತಂಗಿಯನ್ನು ಸಾಕಿದವಳು ಅಕ್ಕನೇ.

ಅಕ್ಕನ ಕೈಯೂ ಸುಮ್ಮನಿರುವ ಕೈಯಲ್ಲ. ಹಾಸಿಗೆ ಕೇಳುವ ನೆಪದಲ್ಲಿ ಒಳಗೆ ಬಂದು ಸೊಂಟಕ್ಕೆ ಕೈ ಹಾಕಿದ ಒಬ್ಬ ಗಿರಾಕಿಯ ಅಂಗೈಯನ್ನು ಅವಳು ಹಾಸಿಗೆ ಹೊಲಿಯುವ ದಪ್ಪ ಸೂಜಿಯಿಂದ ಹಲಗೆಗೆ ಚುಚ್ಚಿ ನಿಲ್ಲಿಸಿದ್ದಳು. ಬೀದಿಯೆಲ್ಲ ಸೇರಿ ಬಿಡಿಸಬೇಕಾಯಿತು. ಹೆಣ್ಣು ನೋಡಲು ಬಂದವರು ಪಕ್ಕದ ಮನೆಯಲ್ಲಿ ಸೂಜಿಯ ಕಥೆ ಕೇಳಿ, ಒಳಕ್ಕೇ ಬಾರದೆ ಹಾಗೇ ವಾಪಸಾಗುತ್ತಿದ್ದರು. ಅದಕ್ಕೂ ಅವಳು ನಗುತ್ತಿದ್ದಳು. ಆದರೆ ಒಮ್ಮೆ, ತಂಗಿ ಯಾರದೋ ಒಳ್ಳೆಯ ಬಟ್ಟೆಯನ್ನು ಅಡ್ಡಾದಿಡ್ಡಿ ಕತ್ತರಿಸಿಟ್ಟಾಗ, ಸಿಟ್ಟಿನಲ್ಲಿ ಬೆತ್ತ ಎತ್ತಿದ್ದಳಂತೆ. ತಂಗಿ ಓಡಿಹೋಗಿ ಹತ್ತಿಯ ರಾಶಿಯಲ್ಲಿ ಹುದುಗಿದಳು. ಅಕ್ಕ ಅದನ್ನು ನೋಡಿದಳು. ಕೋಲನ್ನು ಮೊಣಕಾಲಿಗೆ ಕೊಟ್ಟು ಮುರಿದು ಒಲೆಗೆ ಹಾಕಿದಳು. "ನಗೋಕೆ ಬಾರದ ಸಂಗತಿ ಅದೊಂದೇ" ಎಂದು ನನ್ನ ಹತ್ತಿರ ಹೇಳಿದ್ದಳು.

ಫೋಮ್ ಹಾಸಿಗೆಗಳು ಬಂದು ಹತ್ತಿಯ ಕೆಲಸ ನಿಂತುಹೋದಾಗ ಅವಳು ನಮ್ಮ ಅಂಗಡಿಗೆ ಸೇರಿದಳು. ಮೂರು ಮಹಡಿಯ ಅಂಗಡಿ. ನಾನು ಪರದೆ ವಿಭಾಗದವಳು, ಅವಳು ನನ್ನ ಪಕ್ಕದಲ್ಲಿ ಮಂಚಗಳನ್ನು ಸಿಂಗರಿಸುವವಳು. ಗಿರಾಕಿಗಳು ಮೊದಲು ಬಣ್ಣ ನೋಡುತ್ತಾರೆ. ಅವಳು ಮೊದಲು ಬಟ್ಟೆಯನ್ನು ಅವರ ಕೆನ್ನೆಗೆ ಒತ್ತಿ ಹಿಡಿಯುತ್ತಿದ್ದಳು. ಮೈಗೆ ತಾಗುವ ಹಾಸು ನುಣುಪಾದ ಹತ್ತಿಯದೇ ಇರಲಿ, ಅದರ ಮೇಲೆ ತೆಳುವಾಗಿ ಹೊಲಿದ ರಜಾಯಿ, ಅದರ ಮೇಲೆ ಅಲಂಕಾರದ ಮೇಲುಹಾಸು. ಅದು ಮೂರು ಕಡೆಯೂ ಮಂಚದ ಪಟ್ಟಿ ಮುಚ್ಚುವಷ್ಟು ಇಳಿಬೀಳಬೇಕು, ನೆಲ ಗುಡಿಸಬಾರದು. ಕಾಲ ಕಡೆಗೆ ಮಡಿಸಿ ಹಾಸಿದ ಒಂದು ಉಣ್ಣೆಯ ಹೊದಿಕೆ. ದಿಂಬುಗಳನ್ನು ಗುಡ್ಡೆ ಹಾಕಿದರೆ ಮಲಗುವುದಕ್ಕೆ ನೆಲವೇ ಗತಿ ಎನ್ನುತ್ತಿದ್ದಳು. ಹೂವು, ಗೆರೆ, ಚೌಕಳಿ ಎಲ್ಲವನ್ನೂ ಒಂದೇ ಮಂಚಕ್ಕೆ ಹೇರಲು ಬಂದವರಿಗೆ ಅವಳ ಮಾತು ಒಂದೇ: "ಒಂದು ಹಾಸಿಗೇಲಿ ಒಂದೇ ಬಟ್ಟೆ ಮಾತಾಡ್ಬೇಕು, ಉಳಿದವು ಕೇಳಿಸ್ಕೋಬೇಕು." ಗಿರಾಕಿಗಳು ನಕ್ಕು ಒಪ್ಪುತ್ತಿದ್ದರು.

ತಂಗಿ ತಾನೇ ಮೆಚ್ಚಿ ಮದುವೆಯಾದಳು. ಹುಡುಗ ಬಸ್ ಕಂಪನಿಯ ಟಿಕೆಟ್ ಕೌಂಟರಿನವನು. ನಯವಾದ ಮಾತು, ನೀಟಾದ ಅಂಗಿ. ಹೊಸ ಮನೆಗೆ ಎತ್ತರದ ತಲೆಹಲಗೆಯ ದೊಡ್ಡ ಮಂಚ ಬಂದಿತ್ತು. ಅದಕ್ಕೆ ಮೇಲಿನ ಬಟ್ಟೆಗಳೆಲ್ಲ ತನ್ನ ಕಡೆಯಿಂದ ಎಂದು ಅಕ್ಕ ಮೊದಲೇ ಹೇಳಿಟ್ಟಿದ್ದಳು. ಒಂದು ಮಧ್ಯಾಹ್ನ ಇಬ್ಬರೂ ಆರಿಸಲು ಬಂದರು.

ಅಕ್ಕ ಅಂದು ಮದುಮಗಳಂತೆ ಓಡಾಡಿದಳು. ಕಟ್ಟು ಬಿಚ್ಚದ ಮಾಲನ್ನೆಲ್ಲ ತರಿಸಿದಳು. ತಂಗಿಯ ಕಣ್ಣು ತಿಳಿನೀಲಿಯ ಒಂದು ಮೇಲುಹಾಸಿನ ಮೇಲೆ ನಿಂತಿತು. ಅಂಚಿನಲ್ಲಿ ಬಿಳಿ ದಾರದ ಸಣ್ಣ ಅಲೆಗಳಿದ್ದವು. ಗಂಡ ಅದನ್ನು ಎರಡು ಬೆರಳಲ್ಲಿ ಎತ್ತಿ ನೋಡಿ, ಬೇಗ ಕೊಳೆಯಾಗುತ್ತೆ ಎಂದು ಕೆಳಗಿಟ್ಟ. ಅವನಿಗೆ ಬೇಕಾದದ್ದು ಗಾಢ ಕಂದು. ತಂಗಿ ಮತ್ತೊಮ್ಮೆ ನೀಲಿಯನ್ನು ಸವರಿದಳು. ಆಗ ಅಕ್ಕ ಒಂದೇ ಬಟ್ಟೆ ಮಾತಾಡಬೇಕೆಂಬ ತನ್ನ ಮಾಮೂಲಿ ಮಾತು ಹೇಳಿ ಇಬ್ಬರನ್ನೂ ನಗಿಸಲು ನೋಡಿದಳು.

ಅವನು ನಕ್ಕ. "ನಮ್ಮನೇಲೂ ಅಷ್ಟೇ ಅಕ್ಕಾ. ಒಬ್ಬರೇ ಮಾತಾಡೋದು."

ತಂಗಿ ನಗಲಿಲ್ಲ. ಬಟ್ಟೆಗಳ ರಾಶಿಯ ಹಿಂದೆ ಅವನ ಕೈ ಅವಳ ತೋಳಿನ ಮೇಲಿತ್ತು. ಪರದೆಗಳ ಬಳಿ ನಿಂತಿದ್ದ ನನಗೆ ಆ ಕೈ ಕಾಣಿಸುತ್ತಿತ್ತು: ಬೆರಳುಗಳು ಮಾಂಸದೊಳಗೆ ಇಳಿದು, ಉಗುರಿನ ತುದಿ ಬೆಳ್ಳಗಾಗಿತ್ತು. ಅಕ್ಕನಿಗೂ ಕಂಡಿತು. ಅವಳು ನೀಲಿ ಹಾಸಿನ ಒಂದು ತುದಿಯನ್ನು ಅವನ ಕೈಗೇ ಕೊಟ್ಟು, "ಸ್ವಲ್ಪ ಹಿಡೀರಿ, ಹಾಸಿ ನೋಡೋಣ," ಎಂದಳು. ಅವನು ತೋಳು ಬಿಡಲೇಬೇಕಾಯಿತು. ತಂಗಿ ಇನ್ನೊಂದು ತುದಿ ಹಿಡಿದು ಬಾಗಿದಾಗ ತೋಳಿನ ಬಟ್ಟೆ ಮೇಲೆ ಸರಿಯಿತು. ಅಲ್ಲಿ ಹಳದಿಗೆ ತಿರುಗಿದ ಹಳೆಯ ಕಲೆಗಳ ಮೇಲೆ ಹೊಸ ಕಲೆಗಳಿದ್ದವು.

ಅವನು ಕೆಳಗೆ ಹೋಗಿ ಬರುವಷ್ಟರಲ್ಲಿ ಅಕ್ಕ ಕೇಳಿದಳು. ಬೀರುವಿನ ಬಾಗಿಲು ತಾಗಿತು ಎಂದಳು ತಂಗಿ. ಬೀರುವಿಗೆ ಬೆರಳು ಯಾವಾಗ ಬಂದವು ಎಂದಳು ಅಕ್ಕ. ತಂಗಿ ಅಳಲಿಲ್ಲ, ಸಿಟ್ಟಾದಳು. ನಿನಗೆ ಸಂಸಾರ ಅಂದರೆ ಏನು ಗೊತ್ತು, ನಿನ್ನ ಹಾಗೆ ಎಲ್ಲರ ಕೈ ಮುರೀತಾ ಕೂರೋಕಾಗುತ್ತಾ ಎಂದುಬಿಟ್ಟಳು. ಅಕ್ಕ ನೀಲಿ ಹಾಸನ್ನು ಮಡಿಸತೊಡಗಿದಳು. ಕೊನೆಗೆ ಕಂದು ಬಣ್ಣದ್ದೇ ಹೋಯಿತು. ಆದರೆ ಅದರ ಕಟ್ಟಿನ ಅಡಿಯಲ್ಲಿ ಅಕ್ಕ ನೀಲಿಯದನ್ನೂ ಇಟ್ಟು ಕಳಿಸಿದಳು.

ಅದು ತಪ್ಪಾಯಿತು. ಅಥವಾ ಇನ್ನೊಂದು ನೆಪ ಹೇಗೂ ಸಿಕ್ಕೇ ಸಿಗುತ್ತಿತ್ತು. ಆ ವಾರ ಅವನು ಮನೆಯಲ್ಲಿಲ್ಲದಾಗ ತಂಗಿ ನೀಲಿಯನ್ನು ಹಾಸಿ ನೋಡಿದ್ದಾಳೆ. ಅವನು ಬೇಗ ಬಂದಿದ್ದಾನೆ. ಕೆಳಗಿನ ಮನೆಯ ಹೆಂಗಸು ಅಂಗಡಿಗೆ ಫೋನು ಮಾಡಿ, ಮೇಲಿನಿಂದ ಕಿರುಚಾಟ ಕೇಳುತ್ತಿತ್ತು, ಈಗ ಅದೂ ನಿಂತಿದೆ ಎಂದಳು. ಪೊಲೀಸರಿಗೆ ಹೇಳು ಎಂದು ಅಕ್ಕ ನನಗೆ ಕೂಗಿ, ನನ್ನ ಕೌಂಟರಿನ ಮೇಲಿದ್ದ ಪರದೆಯ ಹಿತ್ತಾಳೆ ಸರಳನ್ನೇ ಎತ್ತಿಕೊಂಡು ಓಡಿದಳು. ನಾನು ಫೋನು ಮಾಡಿ ಅವಳ ಹಿಂದೆ ಓಡಿದೆ. ಮನೆ ಎರಡು ಬೀದಿ ಆಚೆ.

ನಾನು ಮೆಟ್ಟಿಲು ಹತ್ತುವಷ್ಟರಲ್ಲಿ ಅವಳು ಕಿಟಕಿಯ ಗಾಜು ಒಡೆದು ಕೈ ತೂರಿಸಿ ಬಾಗಿಲ ಚಿಲಕ ತೆಗೆದಿದ್ದಳು. ಒಳಗೆ ಮಲಗುವ ಕೋಣೆಯಲ್ಲಿ ಅವನು ತಂಗಿಯ ಎದೆಯ ಮೇಲೆ ಮೊಣಕಾಲೂರಿ, ಆ ನೀಲಿ ಬಟ್ಟೆಯನ್ನು ಮುದ್ದೆ ಮಾಡಿ ಅವಳ ಮುಖಕ್ಕೆ ಅದುಮುತ್ತಿದ್ದ. ಅವಳ ಕಾಲುಗಳು ಮಾತ್ರ ಆಡುತ್ತಿದ್ದವು. ಕೋಣೆಯಲ್ಲಿ ಚರ್ಮ ಸುಟ್ಟ ವಾಸನೆ. ಇಸ್ತ್ರಿಪೆಟ್ಟಿಗೆ ನೆಲದ ಮೇಲೆ ಇನ್ನೂ ಬಿಸಿಯಾಗಿ ಬಿದ್ದಿತ್ತು.

ಅಕ್ಕನ ಕೈಯ ಸರಳು ಅವನ ಭುಜದ ಮೇಲೆ ಬಿತ್ತು. ಅವನು ಉರುಳಿ, ಕೈಗೆ ಸಿಕ್ಕ ಇಸ್ತ್ರಿಪೆಟ್ಟಿಗೆಯನ್ನು ಅವಳ ಮುಖಕ್ಕೆ ಬೀಸಿದ. ಅವಳು ಕತ್ತು ತಿರುಗಿಸಿದಳು. ಅದು ಕಿವಿಯ ಕೆಳಗೆ ಅಂಟಿಕೊಂಡು ಜಾರಿತು. ಆ ಸದ್ದು ನಾನು ಕೇಳಿದೆ. ಅವಳು ಒಂದು ಹೆಜ್ಜೆಯೂ ಹಿಂದೆ ಸರಿಯಲಿಲ್ಲ. ಎರಡನೆಯ ಏಟಿಗೆ ಅವನ ದವಡೆ ಸರಿಯಿತು, ಹಲ್ಲುಗಳು ರಕ್ತದ ಜೊತೆ ಎದೆಗೆ ಸುರಿದವು. ಅವನು ಮಂಚದ ಕೆಳಗೆ ತೆವಳಲು ನೋಡಿದ. ಅವಳು ಕಾಲು ಹಿಡಿದು ಹೊರಗೆಳೆದು ಮೊಣಕಾಲಿಗೆ ಹೊಡೆದಳು, ಮತ್ತೆ ಹೊಡೆದಳು. ಅವನು ಬೇಡ ಎನ್ನುತ್ತಿದ್ದ, ಬಾಯಿಂದ ಮಾತೇ ಸರಿಯಾಗಿ ಬರುತ್ತಿರಲಿಲ್ಲ. ನಾನು ಹಿಂದಿನಿಂದ ಅವಳ ಸೊಂಟ ತಬ್ಬಿದೆ. ಮೊಣಕೈಯಿಂದ ತಳ್ಳಿ ಬಿಸಾಡಿದಳು. ಅವಳು ನಿಂತದ್ದು ತಂಗಿ ಕೆಮ್ಮಿದಾಗ. ಉಸಿರು ಒಳಗೆಳೆದುಕೊಂಡ ಆ ದೊಡ್ಡ ಕೆಮ್ಮಿಗೆ ಅವಳ ಕೈಯಿಂದ ಸರಳು ಜಾರಿತು.

ಪೊಲೀಸರು ಬಂದು ಮೂವರನ್ನು ಆಸ್ಪತ್ರೆಗೂ, ಅಲ್ಲಿಂದ ಅಕ್ಕನನ್ನು ಠಾಣೆಗೂ ಒಯ್ದರು. ಅವನ ಅಣ್ಣ ವಕೀಲರನ್ನು ಕರೆತಂದ. ಅವರ ಪ್ರಕಾರ ಗಂಡಹೆಂಡಿರ ಸಣ್ಣ ಜಗಳದ ನಡುವೆ ಹುಚ್ಚಿಯೊಬ್ಬಳು ನುಗ್ಗಿ ಬಡಪಾಯಿಯನ್ನು ಕೊಲ್ಲಲು ನೋಡಿದ್ದಳು. ಹಳೆಯ ಸೂಜಿಯ ಕಥೆಯನ್ನೂ ಯಾರೋ ಅವರಿಗೆ ತಲುಪಿಸಿದ್ದರು. ನಾನು ಕಂಡದ್ದನ್ನು ಹೇಳಿದೆ. ಅವಳ ಗೆಳತಿ ಎಂದು ನನ್ನ ಮಾತನ್ನು ಪಕ್ಕಕ್ಕಿಟ್ಟರು. ಉಳಿದದ್ದು ತಂಗಿಯ ಮಾತು. ಅವಳು ನಿಜ ಬಾಯಿಬಿಡಲಿಲ್ಲ. ಹೊಟ್ಟೆಯ ಮೇಲೆ ಇಸ್ತ್ರಿಯ ಮೊನೆಯ ಆಕಾರದ ಗಾಯ ಇಟ್ಟುಕೊಂಡು, ಕೇಳಿದವರಿಗೆಲ್ಲ ಬಿಸಿನೀರು ಬಿತ್ತು ಎನ್ನುತ್ತಿದ್ದಳು. ಅವನು ಜೈಲಿಗೆ ಹೋದರೆ ಹೊರಗೆ ಬಂದ ದಿನ ತನ್ನನ್ನು ಬಿಡುವುದಿಲ್ಲ ಎಂಬ ಹೆದರಿಕೆ ಅವಳಿಗೆ.

ಆಗ ಅಪ್ಪ ಆಸ್ಪತ್ರೆಗೆ ಬಂದ. ಮನೆಯಿಂದ ಹೊರಗೆ ಕಾಲಿಡುವುದನ್ನೇ ಬಿಟ್ಟಿದ್ದ ಮುದುಕ. ನಾನು ತಂಗಿಯ ಮಂಚದ ಪಕ್ಕದಲ್ಲೇ ಇದ್ದೆ, ಎದ್ದು ಹೋಗಲು ನೋಡಿದರೆ ಕೂರು ಎಂದ. ಆ ಸೊಟ್ಟ ಕೈಯನ್ನು ಹಾಸಿಗೆಯ ಮೇಲೆ ಮಗಳ ಮುಂದಿಟ್ಟ.

"ನಿಮ್ಮಮ್ಮ ಹೊಸ್ತಿಲಿಗೆ ಬಿದ್ದ ದಿನ ನಾನು ಅವಳನ್ನ ಕೊಲ್ತಿದ್ದೆ," ಎಂದ. "ಸಿಟ್ಟಲ್ಲಿ ಅಲ್ಲ. ಹೊಡೆಯೋದು ರೂಢಿ ಆಗಿತ್ತು, ನಿಲ್ಲಿಸೋದು ಗೊತ್ತಿರ್ಲಿಲ್ಲ. ಅವನಿಗೂ ಗೊತ್ತಿಲ್ಲ ಮಗಳೇ. ತಾನಾಗಿ ನಿಲ್ಲಿಸ್ತಾನೆ ಅಂತ ಕಾಯ್ಬೇಡ. ನಾನು ನಿಲ್ಲಿಸ್ತಿರ್ಲಿಲ್ಲ."

ತಂಗಿ ಗೋಡೆಯ ಕಡೆ ತಿರುಗಿಕೊಂಡಳು. ಅಪ್ಪ ಸಮಾಧಾನ ಹೇಳಲಿಲ್ಲ, ಕ್ಷಮೆ ಕೇಳಲಿಲ್ಲ. ಕೈ ತೆಗೆದುಕೊಂಡು ಎದ್ದು ಹೋದ. ಮಾರನೆಯ ಬೆಳಿಗ್ಗೆ ಅವಳು ನರ್ಸಿಗೆ ಹೇಳಿ ಪೊಲೀಸರನ್ನು ಕರೆಸಿ, ಮೊದಲ ಕಪಾಳಮೋಕ್ಷದಿಂದ ಹಿಡಿದು ಎಲ್ಲವನ್ನೂ ಬರೆಸಿದಳು.

ಅವನಿಗೆ ಶಿಕ್ಷೆಯಾಯಿತು. ಅಕ್ಕನ ಮೇಲಿನ ಮೊಕದ್ದಮೆ ಬಹಳ ಎಳೆದಾಡಿತು. ಬಿದ್ದವನ ಮೊಣಕಾಲಿಗೆ ಹೊಡೆದದ್ದಕ್ಕೆ ನ್ಯಾಯಾಧೀಶರು ಅವಳನ್ನು ಚೆನ್ನಾಗಿ ಬೈದು, ಇನ್ನು ಮುಂದೆ ಕೈ ಎತ್ತುವುದಿಲ್ಲ ಎಂದು ಮುಚ್ಚಳಿಕೆ ಬರೆಸಿಕೊಂಡು ಬಿಟ್ಟರು. ಬೈದದ್ದು ಸರಿಯೇ ಎಂದು ಅವಳೇ ನನಗೆ ಹೇಳಿದಳು. ತಂಗಿ ಕೆಮ್ಮದೆ ಇದ್ದಿದ್ದರೆ ತಾನು ಎಲ್ಲಿ ನಿಲ್ಲುತ್ತಿದ್ದೆನೋ ಗೊತ್ತಿಲ್ಲ ಎಂದಳು.

ತಂಗಿ ಅಕ್ಕನ ಮನೆಗೇ ಬಂದಳು. ಬಹಳ ಕಾಲ ಮಂಚದ ಮೇಲೆ ಮಲಗಲಿಲ್ಲ, ಮುಖದ ಹತ್ತಿರ ಯಾವ ಹೊದಿಕೆಯನ್ನೂ ಬಿಟ್ಟುಕೊಳ್ಳಲಿಲ್ಲ. ಚಳಿಯಲ್ಲೂ ಗೋಡೆಗೊರಗಿ, ಸ್ವೆಟರ್ ಹಾಕಿಕೊಂಡು ಕೂತೇ ನಿದ್ದೆ ಮಾಡುತ್ತಿದ್ದಳು. ಆಮೇಲೆ ನಮ್ಮ ಅಂಗಡಿಗೇ ಸೇರಿ ಅಂಚು ಹೊಲಿಯುವ ಕೆಲಸ ಹಿಡಿದಳು. ಅಕ್ಕ ತಂಗಿ ದಿನಕ್ಕೊಮ್ಮೆಯಾದರೂ ಜಗಳವಾಡುತ್ತಾರೆ. ಅಕ್ಕನ ಸ್ವರ ಏರಿದರೆ ತಂಗಿ ಈಗ ಓಡುವುದಿಲ್ಲ, ತಾನೂ ಏರಿಸುತ್ತಾಳೆ. ನಾವು ಪರದೆ ಎಳೆದುಕೊಂಡು ಕೆಲಸ ಮಾಡುತ್ತೇವೆ.

ಹೋದ ತಿಂಗಳು ಅವನು ಬಂದ. ಬಿಡುಗಡೆಯಾಗಿ ಎಷ್ಟು ದಿನವಾಗಿತ್ತೋ. ಕುಂಟುತ್ತ ಮೆಟ್ಟಿಲು ಹತ್ತಿ, ಮಂಚಗಳ ನಡುವೆ ನಿಂತು ಹೆಂಡತಿಯ ಹತ್ತಿರ ಮಾತಾಡಬೇಕು ಎಂದ. ಅಕ್ಕ ಎದ್ದಳು. ಅವಳ ಮುಖ ಕಂಡು ನಾನು ಕತ್ತರಿಯನ್ನು ಡ್ರಾಯರಿಗೆ ಹಾಕಿ ಬೀಗ ಹಾಕಿದೆ. ಆದರೆ ಹೊಲಿಗೆ ಯಂತ್ರದ ಮುಂದಿನಿಂದ ಎದ್ದು ಬಂದ ತಂಗಿ ಅಕ್ಕನನ್ನು ಪಕ್ಕಕ್ಕೆ ಸರಿಸಿದಳು. ಅವನ ಮುಂದೆ, ಕೈ ಚಾಚಿದರೆ ಸಿಗುವಷ್ಟು ಹತ್ತಿರ ನಿಂತಳು.

"ಇಲ್ಲೇ ಹೊಡಿ, ಧೈರ್ಯ ಇದ್ರೆ," ಎಂದಳು. "ಎಲ್ಲರೂ ನೋಡಲಿ."

ಗಿರಾಕಿಗಳು ಕೈಯಲ್ಲಿದ್ದ ಬಟ್ಟೆ ಹಿಡಿದುಕೊಂಡೇ ತಿರುಗಿ ನಿಂತರು. ಅವನ ಕೈ ಮುಷ್ಟಿಯಾಯಿತು. ಅದು ನನಗೆ ಚೆನ್ನಾಗಿ ಕಂಡಿತು. ಆಮೇಲೆ ಬಿಚ್ಚಿಕೊಂಡಿತು. ಕೆಳಗಿನಿಂದ ಕಾವಲುಗಾರ ಬರುವ ಮೊದಲೇ ಅವನು ತಿರುಗಿ ಮೆಟ್ಟಿಲಿಳಿದ.

ತಂಗಿ ನೇರ ಹಿಂದಿನ ಕೋಣೆಗೆ ಹೋಗಿ ಕರುಳು ಬಾಯಿಗೆ ಬರುವ ಹಾಗೆ ವಾಂತಿ ಮಾಡಿಕೊಂಡಳು. ಅಕ್ಕ ಅವಳ ಕೂದಲು ಎತ್ತಿ ಹಿಡಿದು, ಬೆನ್ನು ನೀವುತ್ತ, ಒಂದೇ ಸಮ ಅವನನ್ನು ಬೈಯುತ್ತಿದ್ದಳು. ಹೊರಗೆ ಯಾರೋ ರಜಾಯಿಯ ಅಳತೆ ಕೇಳುತ್ತಿದ್ದರು. ನಾನೇ ಹೋಗಿ ತೋರಿಸಿದೆ.