ತಾರ್ಲೆ ಅಂತ ಹೇಳಿದ ಫೋನು

ಕಾರವಾರದ ನಮ್ಮ ಕೋಡಿಬಾಗದಲ್ಲಿ ಮೀನಿನ ಚೀಲ ಹಿಡಿದು ನಡೆಯುವವರನ್ನು ಯಾರೂ ಸುಮ್ಮನೆ ಬಿಡುವುದಿಲ್ಲ. ಕ್ಷೇಮ ಸಮಾಚಾರವೆಲ್ಲ ಆಮೇಲೆ. ಮೊದಲು ಚೀಲದ ಮೇಲೊಂದು ನೋಟ, ಹಿಂದೆಯೇ ಪ್ರಶ್ನೆ: "ಎಂತ ಮೀನು?" ಇದಕ್ಕೆ ಇದ್ದದ್ದನ್ನು ಇದ್ದ ಹಾಗೆ ಹೇಳುವವರು ಬೇರೆ ಊರಿನಿಂದ ವರ್ಗವಾಗಿ ಬಂದವರು ಮಾತ್ರ. ನಮ್ಮವರ ಉತ್ತರ ಒಂದೇ: "ಎಂತದೂ ಇಲ್ಲ ಮಾರಾಯ್ರೆ, ತಾರ್ಲೆ. ಬರೀ ಮುಳ್ಳು." ಚೀಲದಲ್ಲಿ ಇಸ್ವಾಣದಂಥ ದೊಡ್ಡ ಮೀನಿದ್ದಾಗ ಇದನ್ನು ಇನ್ನಷ್ಟು ದುಃಖದಿಂದ ಹೇಳಬೇಕು. ಒಳ್ಳೆಯದು ಸಿಕ್ಕಿದೆ ಎಂದರೆ ಕಣ್ಣು ತಾಗುತ್ತದೆ. ಕಣ್ಣು ತಾಗದಿದ್ದರೂ ಊಟದ ಹೊತ್ತಿಗೆ ಯಾರಾದರೂ ಬಂದೇ ಬರುತ್ತಾರೆ. ಒಮ್ಮೆ ನಮ್ಮ ಯಜಮಾನರ ಚೀಲದಿಂದ ಇಸ್ವಾಣದ ಬಾಲ ಗೇಣುದ್ದ ಹೊರಗೆ ಚಾಚಿಕೊಂಡಿತ್ತು. ಎದುರು ಮನೆಯವರು ಆ ಬಾಲವನ್ನೇ ನೋಡುತ್ತ ಕೇಳಿದರು. ಇವರೂ ಆ ಬಾಲವನ್ನೇ ನೋಡುತ್ತ "ತಾರ್ಲೆ" ಎಂದರು. ಇಬ್ಬರಿಗೂ ಸಮಾಧಾನವಾಯಿತು.

ನನ್ನ ತವರು ಅಂಕೋಲೆಯ ಶೆಟಗೇರಿಯಲ್ಲೂ ಇದೇ ಪದ್ಧತಿ. ಆದರೆ ನಾನು ಓದಿದ್ದು ಕಾನ್ವೆಂಟಿನಲ್ಲಿ. ಅಲ್ಲಿ ಸಿಸ್ಟರ್ ನಮಗೆ ಸಣ್ಣ ದನಿಯಲ್ಲಿ ಮಾತಾಡುವುದನ್ನೂ ನಿಜ ಹೇಳುವುದನ್ನೂ ಒಟ್ಟಿಗೇ ಕಲಿಸಿದರು. ಮೊದಲನೆಯದು ನನಗೆ ಚೆನ್ನಾಗಿ ಬಂತು. ಸಣ್ಣ ದನಿಯ ದೊಡ್ಡ ಉಪಯೋಗ ತಿಳಿದದ್ದು ಮಾತ್ರ ಸಂಸಾರಕ್ಕೆ ಬಿದ್ದ ಮೇಲೆ: ಮೆಲ್ಲಗೆ ಮಾತಾಡುವವಳು ಸುಳ್ಳು ಹೇಳುತ್ತಾಳೆಂದು ಯಾರಿಗೂ ಅನ್ನಿಸುವುದಿಲ್ಲ.

ನಮ್ಮ ಮನೆಯಲ್ಲಿ ಹೊಸ ಫೋನು ಬರುವುದೆಂದರೆ ಯಜಮಾನರಿಗೆ ಬರುವುದು. ಅದಕ್ಕೂ ಮೊದಲು ತಿಂಗಳುಗಟ್ಟಲೆ ಅವರ ಅಭ್ಯಾಸ ನಡೆಯುತ್ತದೆ. ಯಾರೋ ಗಡ್ಡದ ಹುಡುಗರು ಡಬ್ಬಿ ಬಿಚ್ಚಿ ಗುಣದೋಷ ಹೇಳುವ ವಿಡಿಯೋಗಳನ್ನು ನೋಡುತ್ತ, ಬಂಗಡೆಯ ಮುಳ್ಳು ಬಿಡಿಸುತ್ತ, ನನಗೆ ವರದಿ ಒಪ್ಪಿಸುತ್ತಾರೆ. "ಡಿಸ್‌ಪ್ಲೇ ಚಲೋ ಅದೆ. ಆದ್ರೆ ಪ್ರೊಸೆಸರ್ ಹೋದ ವರ್ಷದ್ದು ಹಾಕಿ ಮೋಸ ಮಾಡಿದಾರೆ ನೋಡು." ಯಾರಿಗೆ ಮೋಸವಾಯಿತೋ ಎಂದು ನಾನು ಸಾರು ಬಡಿಸುತ್ತ ಮರುಗುತ್ತೇನೆ. ಕೊನೆಗೊಂದು ದಿನ ಫೋನು ಬರುತ್ತದೆ. ಅಷ್ಟೆಲ್ಲ ಪರೀಕ್ಷೆಯಲ್ಲಿ ಪಾಸಾದ ಆ ಫೋನಿನಲ್ಲಿ ಅವರು ಮಾಡುವುದು ಮುಂದಿನ ಫೋನಿನ ವಿಡಿಯೋ ನೋಡುವುದು.

ಹಳೆಯದು ನನಗೆ ಇಳಿಯುತ್ತದೆ. ಇಳಿಯುವ ಹೊತ್ತಿಗೆ ಮಾತ್ರ ಅದರ ಗುಣಗಳೆಲ್ಲ ಒಮ್ಮೆಲೇ ಎದ್ದು ಬರುತ್ತವೆ. ಅಲ್ಲಿಯವರೆಗೆ ನಾನು ಕೈ ಚಾಚಿದರೆ "ಅದು ಹ್ಯಾಂಗ್ ಆಗ್ತದೆ, ನಿಂಗೆ ಆಗೂದಿಲ್ಲ" ಎನ್ನುತ್ತಿದ್ದವರು, ಅಂದು "ಬಾರೀ ಚಲೋ ಅದೆ, ಹೊಸದರ ಹಾಗೇ. ನೀ ಇಟ್ಕೊ" ಎನ್ನುತ್ತಾರೆ. ಹೀಗೆ ಇಳಿದು ಬಂದವುಗಳಲ್ಲಿ ಒಂದಕ್ಕೆ ಬೆನ್ನಿಗೆ ಎರಡು ತಟ್ಟಿದರೆ ಮಾತ್ರ ಜೀವ ಬರುತ್ತಿತ್ತು. ಇನ್ನೊಂದು ಬಲೆಗೆ ಬಿದ್ದ ಮುಳ್ಳುಮೀನಿನ ಹಾಗೆ ಹೊಟ್ಟೆ ಉಬ್ಬಿಸಿಕೊಂಡು ಸತ್ತಿತು. ಕೊನೆಯದರಲ್ಲಿ ನಾನು ಮಾತಾಡಿದರೆ ಶೆಟಗೇರಿಯಲ್ಲಿ ಬಾವಿಯೊಳಗಿಂದ ಕೇಳಿದಂತೆ ಕೇಳುತ್ತಿತ್ತಂತೆ.

ಆ ಬಾವಿಯ ಸದ್ದು ಕೇಳಿ ಕೇಳಿ ಬೇಜಾರಾಗಿ, ಚೌತಿ ಮುಗಿದ ವಾರ ನನ್ನ ತಮ್ಮ ಕಾರವಾರಕ್ಕೆ ಬಂದವನು ಪೇಟೆಯಿಂದಲೇ ಒಂದು ಡಬ್ಬಿ ತಂದು ನನ್ನ ಕೈಯಲ್ಲಿಟ್ಟ. "ಅಕ್ಕಾ, ಇದು ನಿಂಗೆ. ಬೇರೆ ಯಾರಿಗೂ ಅಲ್ಲ." ಕೊನೆಯ ಮಾತನ್ನು ಭಾವನ ಕಡೆ ನೋಡಿಕೊಂಡೇ ಹೇಳಿದ.

ಗಾಜಿನ ಮೇಲಿನ ತೆಳು ಹಾಳೆಯನ್ನು ನನ್ನ ಉಗುರಿನಿಂದ ನಾನೇ ಸುಲಿದದ್ದು ಅದೇ ಮೊದಲು. ಯಾರ ಬೆರಳಿನ ಗುರುತೂ ಇಲ್ಲದ ಫೋನು. ಗಡ್ಡದ ಹುಡುಗರಂತೆ ನಾನೂ ಗುಣದೋಷ ನೋಡಿದೆ. ಕೈಯಲ್ಲಿ ತೂಕ ಹಿತವಾಗಿತ್ತು, ನಿನ್ನೆಯ ಬಂಗಡೆಯಷ್ಟು. ತಮ್ಮನ ದನಿ ಪಕ್ಕದ ಮಣೆಯಲ್ಲಿ ಕೂತಂತೆ ಕೇಳುತ್ತಿತ್ತು. ಬೆನ್ನು ಮಾತ್ರ ಲೋಳೆ ಮೀನಿನ ಹಾಗೆ ಜಾರುತ್ತಿತ್ತು. ಅದಕ್ಕೊಂದು ರಬ್ಬರಿನ ಅಂಗಿ ತೊಡಿಸಿದೆ. ಇನ್ನೊಂದು ದೋಷ, ಮನುಷ್ಯರ ಮುಖಕ್ಕೆ ಕೇಳದೆಯೇ ಮೈದಾ ಬಳಿಯುತ್ತಿತ್ತು. ನನ್ನದೇ ಚಿತ್ರ ತೆಗೆದಾಗ ಮೂಗಿನ ಪಕ್ಕದ ಗೆರೆಗಳೂ, ಅವುಗಳನ್ನು ಗಳಿಸಿದ ವರ್ಷಗಳೂ ಮಾಯವಾಗಿದ್ದವು. ಹುಡುಕಿ ಹುಡುಕಿ ಆ ಚಂದ ಮಾಡುವ ಗುಂಡಿಯನ್ನು ಬಂದ್ ಮಾಡಿದೆ.

ಬಂದ್ ಮಾಡಿದ ಮೇಲೆ ತಿಳಿಯಿತು ಫೋನಿನ ನಿಜವಾದ ಗುಣ. ಹತ್ತಿರದ ವಸ್ತುವನ್ನು ಅದು ನೋಡುವ ರೀತಿ! ಮಧ್ಯಾಹ್ನ ಪಾತ್ರೆ ತೊಳೆದಾದ ಮೇಲೆ ನಾನು ಕಾಳಿ ನದಿಯ ದಂಡೆಗೆ ಹೋಗಿ ಕೂರುವುದಿದೆ. ಅಲ್ಲಿ ಕೆಸರಿನಲ್ಲಿ ಇಕ್ಕಳದಂಥ ಒಂದೇ ದೊಡ್ಡ ಕೊಂಬಿನ ಪುಟ್ಟ ಏಡಿಗಳು ಹೊರಬಂದು ಯಾರನ್ನೋ ಕರೆಯುವಂತೆ ಕೊಂಬು ಬೀಸುತ್ತವೆ. ಇಷ್ಟು ವರ್ಷ ಅವು ನನಗೆ ಬರೀ ಕೆಂಪು ಚುಕ್ಕೆ. ಈಗ ಒಂದೊಂದರ ಕೊಂಬಿನ ಮೇಲಿನ ಸಣ್ಣ ಗುಳ್ಳೆಗಳೂ, ಕಣ್ಣಿನ ಕಡ್ಡಿಗೆ ಅಂಟಿದ ಮರಳಿನ ಹರಳೂ ಕಂಡವು. ಸಿಗಡಿಯ ಮೀಸೆಯಲ್ಲಿ ಗಂಟುಗಳಿವೆ, ನಿಮಗೆ ಗೊತ್ತಿತ್ತೇ? ಆ ಮಧ್ಯಾಹ್ನದ ಹೊತ್ತು ಮೊದಲೂ ನನ್ನದೇ ಆಗಿತ್ತು, ಆದರೆ ಖಾಲಿ ಇತ್ತು. ಈಗ ಅದರೊಳಗೆ ಏನೋ ಸೇರಿತ್ತು. ಈ ಫೋನನ್ನು ಬಿಡಬಾರದು ಎಂದು ಅಂದೇ ನಿಶ್ಚಯ ಮಾಡಿದೆ.

ನಿಶ್ಚಯ ಏಕೆ ಬೇಕಾಯಿತೆಂದರೆ, ನಮ್ಮ ಮನೆಗೆ ಒಬ್ಬ ನಾದಿನಿ ಇದ್ದಾಳೆ. ಕದ್ವಾಡಕ್ಕೆ ಕೊಟ್ಟ ಹುಡುಗಿ. ಭಾನುವಾರದ ಸಂತೆಗೆ ಬಂದರೆ ಮಧ್ಯಾಹ್ನದ ಊಟ ನಮ್ಮಲ್ಲಿ. ಮನಸ್ಸು ಕೆಟ್ಟದ್ದಲ್ಲ, ಆದರೆ ನಮ್ಮ ಮನೆಯಲ್ಲಿ ಅವಳು ಹೊಗಳಿದ್ದು ಕದ್ವಾಡಕ್ಕೆ ಹೋಗುತ್ತದೆ. ನನ್ನ ನೀಲಿ ಕೊಡೆ ಹೋಯಿತು. ಇಡ್ಲಿ ಬೇಯಿಸುವ ಅಟ್ಟ ಹೋಯಿತು. ಮಿಕ್ಸರು ಅದರ ಮೂರೂ ಜಾರುಗಳೊಂದಿಗೆ ಹೋಯಿತು. ಪ್ರತಿ ಸಲವೂ ಅತ್ತೆ ಎಲೆ ಅಡಿಕೆ ಮಡಚುತ್ತ ಅದೇ ತೀರ್ಪು ಕೊಡುತ್ತಿದ್ದರು: "ಮನೆ ಮಗಳು ಬಾಯ್ಬಿಟ್ಟು ಕೇಳ್ಬೇಕಾ? ಕೊಡು. ನಿಂಗೆ ಮತ್ತೊಂದು ತಂದ್ರಾಯ್ತು." ಆ ಮತ್ತೊಂದು ಎಂಬ ವಸ್ತುವನ್ನು ನಾನು ಇದುವರೆಗೆ ನೋಡಿಲ್ಲ. ನಾದಿನಿಯ ಫೋನಿನ ಗಾಜು ಒಡೆದು ಜೇಡರ ಬಲೆಯಾಗಿದೆ ಎಂಬ ಸುದ್ದಿ ಆ ವಾರವೇ ಬಂದಿತ್ತು.

ಭಾನುವಾರ ಚಪ್ಪಲಿ ಬಿಡುವ ಮೊದಲೇ ಅವಳ ಕಣ್ಣು ಕಪಾಟಿನ ಮೇಲಿದ್ದ ಫೋನಿಗೆ ಹೋಯಿತು, ಬಿಟ್ಟ ಮೇಲೆ ಕೈಯೂ ಹೋಯಿತು.

"ವೈನಿ, ಹೊಸ ಫೋನಂತೆ! ಹೆಂಗದೆ?"

ನನ್ನ ಬಾಯಿಂದ ಕೋಡಿಬಾಗದ ಉತ್ತರ ತಾನಾಗಿ ಬಂತು. "ಎಂತದೂ ಇಲ್ಲ ಮಾರಾಯ್ತಿ. ಬರೀ ಮೈ ನೋಡಿ ತಂದದ್ದು. ಮಧ್ಯಾಹ್ನದೊಳಗೆ ಚಾರ್ಜ್ ಮುಗೀತದೆ."

"ಅಯ್ಯೋ! ಹೊಸದರಲ್ಲೇ?"

"ಮಾತಾಡೂಕೆ ಹೋದ್ರೆ ನಡುನಡುವೆ ನಿಲ್ತದೆ. ಬಿಸಿ ಅಂದ್ರೆ ದೋಸೆ ಹೊಯ್ಬಹುದು."

ಅವಳು ಹಿಡಿದಿದ್ದ ಫೋನನ್ನು, ಕಿವಿರು ಕಪ್ಪಾದ ಮೀನನ್ನು ಬುಟ್ಟಿಗೆ ಹಿಂದಿರುಗಿಸುವಂತೆ, ಎರಡು ಬೆರಳಲ್ಲಿ ಕಪಾಟಿನ ಮೇಲಿಟ್ಟಳು. "ಪಾಪ ವೈನಿ, ನಿಂಗೆ ಬರೂದೆಲ್ಲ ಹಿಂಗೇ" ಎಂದಳು. ನನ್ನ ಮಿಕ್ಸರಿನಲ್ಲಿ ಅರೆದ ಚಟ್ನಿಯ ಡಬ್ಬಿಯನ್ನು ನನಗೇ ಕೊಡುತ್ತ ಹೇಳಿದಳು. ನಾನು ತಲೆ ತಗ್ಗಿಸಿ ನಿಟ್ಟುಸಿರು ಬಿಟ್ಟೆ. ಸಿಸ್ಟರ್ ಕಲಿಸಿದ ವಿನಯ ಅಷ್ಟು ಚೆನ್ನಾಗಿ ಎಂದೂ ಉಪಯೋಗಕ್ಕೆ ಬಂದಿರಲಿಲ್ಲ.

ಆದರೆ ಊಟದ ಮಣೆಯ ಮೇಲೆ ಯಜಮಾನರು ಕೂತಿದ್ದರು. ಮೀನಿನ ಚೀಲ ಹಿಡಿದಾಗ ಅಷ್ಟು ಚುರುಕಾಗಿರುವ ಮನುಷ್ಯ, ಫೋನಿನ ವಿಷಯದಲ್ಲಿ ಮಾತನ್ನು ಹೇಳಿದ ಹಾಗೇ ನಂಬಿಬಿಡುತ್ತಾರೆಂದು ನಾನು ಎಣಿಸಿರಲಿಲ್ಲ. ಕೈ ತೊಳೆದು ಬಂದವರೇ ಎದೆ ಸೆಟೆಸಿ ನಿಂತರು.

"ನಾ ಆಗ್ಲೇ ಅಂದ್ಕೊಂಡೆ. ವಿಡಿಯೋ ನೋಡ್ದೆ ಫೋನ್ ತಂದ್ರೆ ಹಿಂಗೇ ಆಗೂದು. ಡಬ್ಬಿ ಎಲ್ಲದೆ? ಅಂಗಡಿಗೆ ವಾಪಸ್ ಕೊಟ್ಟು ಬೇರೆ ತರುವಾ."

ನಾನು ಕಪಾಟಿಗೆ ಅಡ್ಡ ನಿಂತೆ. "ಬೇಡ, ಇರ್ಲಿ. ನಂಗೆ ಇಷ್ಟು ಸಾಕು."

"ಯಾಕೆ ಸಾಕು?" ಅಪರೂಪಕ್ಕೆ ಅವರಲ್ಲಿ ನನ್ನ ಬಗ್ಗೆ ಕನಿಕರ ಹುಟ್ಟಿತ್ತು, ಅದೂ ಇಂಥ ಹೊತ್ತಿನಲ್ಲಿ. "ನಿನ್ ತಮ್ಮಗೆ ಮೋಸ ಮಾಡಿದಾರೆ ಅವ್ರು. ಸುಮ್ನೆ ಬಿಡೂಕಾಗ್ತದಾ?"

"ಹೌದು ವೈನಿ, ಬದಲಿ ಮಾಡು. ನಾನೂ ಬರ್ತೆ, ನಂಗೂ ಒಂದು ನೋಡ್ಬೇಕು" ಎಂದು ನಾದಿನಿ ಆಗಲೇ ಸೆರಗು ಸರಿಮಾಡಿಕೊಂಡಳು.

ಫೋನು ಚೆನ್ನಾಗಿದೆ ಎಂದು ಈಗ ಒಪ್ಪಿಕೊಂಡರೆ ಅದು ಕದ್ವಾಡಕ್ಕೆ. ಚೆನ್ನಾಗಿಲ್ಲ ಎಂದೇ ಹಟ ಹಿಡಿದರೆ ಅಂಗಡಿಗೆ. ಯಜಮಾನರು ಬದಲಿ ತರುವುದು ವಿಡಿಯೋದ ಹುಡುಗರು ಹೊಗಳಿದ್ದನ್ನು. ಅದು ಯಾರ ಜೇಬಿಗೆ ಹೋಗುತ್ತದೆ, ಯಾರ ಹಳೆಯದು ನನಗೆ ಇಳಿಯುತ್ತದೆ ಎಂದು ನಾನು ಬಿಡಿಸಿ ಹೇಳಬೇಕಿಲ್ಲ. ರಿಕ್ಷಾದಲ್ಲಿ ಅವರಿಬ್ಬರ ನಡುವೆ ಕೂತು, ಡಬ್ಬಿಯನ್ನು ಮಡಿಲಲ್ಲಿಟ್ಟುಕೊಂಡು ಹೋದೆ. ದಾರಿಯುದ್ದಕ್ಕೂ ಯಜಮಾನರು ನನಗಾಗಿ ಹೋರಾಡುವ ಮಾತಾಡಿದರು. ಏಡಿಗಳ ಚಿತ್ರವೆಲ್ಲ ಅದರೊಳಗೇ ಇತ್ತು.

ಅಂಗಡಿಯವರು ಸಾವಧಾನದ ಮನುಷ್ಯ. "ಹೇಳಿ ಅಕ್ಕೋರೆ, ಎಂತ ತೊಂದ್ರೆ?" ಎಂದರು. ನಾನು ಹೇಳುವ ಮೊದಲೇ ಯಜಮಾನರು ನನ್ನ ದೂರುಗಳನ್ನು ಒಂದೂ ಬಿಡದೆ, ನಡುವೆ ಪ್ರೊಸೆಸರನ್ನೂ ಸೇರಿಸಿ, ಒಪ್ಪಿಸಿದರು. ಅಂಗಡಿಯವರು ಒಂದೊಂದನ್ನೇ ಪರೀಕ್ಷೆ ಮಾಡಿದರು. ಚಾರ್ಜು ಬೆಳಗಿನಿಂದ ಸ್ವಲ್ಪವೂ ಇಳಿದಿರಲಿಲ್ಲ. ಹಾಡು ಹಾಕಿದರೆ ಬೀದಿಯ ಆಚೆಯವರು ತಿರುಗಿ ನೋಡಿದರು. ಬೆನ್ನು ಮುಟ್ಟಿ ನೋಡಿ, "ತಣ್ಣಗದೆಯಲ್ರೋ" ಎಂದರು.

"ವೈನಿ! ಇದು ಚಲೋನೇ ಅದ್ಯಲ್ಲೇ!" ನಾದಿನಿಯ ದನಿಯಲ್ಲಿ ನನ್ನ ನೀಲಿ ಕೊಡೆ ಬಿಚ್ಚಿಕೊಂಡಿತು. ಅವಳ ಕೈ ಕೌಂಟರಿನ ಮೇಲೆ ಫೋನಿನತ್ತ ಸರಿಯುತ್ತಿತ್ತು.

ಯೋಚಿಸಲು ಒಂದು ಕ್ಷಣವೂ ಇರಲಿಲ್ಲ. ನಾನೇ ಫೋನು ಎತ್ತಿಕೊಂಡು ಮೆಲ್ಲಗೆ ಹೇಳಿದೆ: "ಒಂದು ಫೋಟೋ ತೆಗೀತೆ, ನೋಡು. ಇಲ್ಲಿ ಬೆಳಕಿಗೆ ಬಾ." ಅವಳಿಗೆ ಫೋಟೋ ಎಂದರೆ ಆಯಿತು. ಅವಳ ಒಡೆದ ಫೋನಿನಲ್ಲಿರುವ ನೂರಾರು ಚಿತ್ರಗಳಲ್ಲೆಲ್ಲ ಅವಳ ಮುಖ ಆಗತಾನೇ ಇಳಿಸಿದ ಇಡ್ಲಿಯಂತೆ ಬೆಳ್ಳಗೆ, ನುಣ್ಣಗೆ ಇರುತ್ತದೆ. ಅಂಗಡಿಯ ಟ್ಯೂಬ್‌ಲೈಟಿನ ಕೆಳಗೆ ಗಲ್ಲ ಎತ್ತಿ ನಿಂತಳು. ಏಡಿಗಳ ಹತ್ತಿರ ಹೋಗುವ ಹಾಗೆ ನಾನು ಹತ್ತಿರ ಹೋದೆ. ಚಂದ ಮಾಡುವ ಗುಂಡಿ ಬಂದ್ ಆಗಿಯೇ ಇತ್ತು.

ಚಿತ್ರ ನೋಡಿ ಅವಳು ಬಾಯಿಯ ಮೇಲೆ ಕೈ ಇಟ್ಟುಕೊಂಡಳು. ಮೂಗಿನ ಮೇಲಿನ ರಂಧ್ರಗಳು, ಗಲ್ಲದ ಮೇಲೆ ಮೊಳೆತ ಎರಡು ಕೂದಲು, ಸಂತೆಯ ಬಿಸಿಲಿಗೆ ಕರಗಿ ಗೆರೆಗಳಲ್ಲಿ ಹೆಪ್ಪುಗಟ್ಟಿದ ಪೌಡರು, ಮಧ್ಯಾಹ್ನದ ಸಾರಿನ ಒಂದು ಸಾಸಿವೆ ಸಿಪ್ಪೆ. ಏನೂ ತಪ್ಪಿಸಿಕೊಂಡಿರಲಿಲ್ಲ. ಅಷ್ಟು ಚೆಂದದ ಚಿತ್ರವನ್ನು ನಾನು ಮನುಷ್ಯರದ್ದು ತೆಗೆದದ್ದು ಅದೇ ಮೊದಲು.

"ಥೂ! ಇದೆಂತ ಹಾಳು ಕ್ಯಾಮೆರಾ! ಇಂಥಾದ್ರಲ್ಲಿ ಯಾರು ಮುಖ ತೋರಿಸ್ತಾರೆ ವೈನಿ? ಅಳಿಸು ಮೊದ್ಲು!"

"ಅದಕ್ಕೇ ಹೇಳಿದ್ದು ನಾನು" ಎಂದೆ ಮೆಲ್ಲಗೆ. ಇದರಲ್ಲಿ ಸುಳ್ಳು ಹೇಳುವ ಅಗತ್ಯವೇ ಇರಲಿಲ್ಲ. ಕ್ಯಾಮೆರಾ ಹಾಗೆಯೇ ಇತ್ತು.

"ಬದಲಿ ಮಾಡಿ ಕೊಡಿ ಇದ್ನ" ಎಂದು ಅವಳೇ ಅಂಗಡಿಯವರಿಗೆ ಹೇಳಿದಳು.

"ಇದ್ದ ಮುಖ ತೋರಿಸಿದ್ರೆ ದೋಷ ಅಂತ ಹೆಂಗೆ ಬರೀಲಿ ಅಕ್ಕೋರೆ?" ಎಂದರು ಅವರು. ನಾದಿನಿ ಸೆರಗು ಕೊಡವಿ ಅಂಗಡಿಯಿಂದ ಹೊರಗೆ ನಡೆದಳು. ಮೈದಾ ಬಳಿಯುವ ಬೇರೆ ಫೋನೊಂದನ್ನು ಅವಳ ಗಂಡ ಮುಂದಿನ ವಾರ ಕೊಡಿಸಿದನೆಂದು ಆಮೇಲೆ ತಿಳಿಯಿತು. ಅದರಲ್ಲಿ ಅವಳು ನಿಜಕ್ಕೂ ಚೆಂದ ಕಾಣುತ್ತಾಳೆ, ಯಾರೆಂದು ಹೇಳಿದರೆ ಗುರುತೂ ಸಿಗುತ್ತದೆ.

ಯಜಮಾನರು ಮಾತ್ರ ಅಷ್ಟು ಹೊತ್ತೂ ನನ್ನ ಕೈಯಲ್ಲಿದ್ದ ಫೋನನ್ನೇ ನೋಡುತ್ತಿದ್ದರು. ಮನೆಗೆ ಮರಳುವಾಗಲೂ ಪ್ರೊಸೆಸರಿನ ಮಾತು ಬರಲಿಲ್ಲ. ಕೋಡಿಬಾಗದಲ್ಲಿ ರಿಕ್ಷಾ ಇಳಿದಾಗ ಎದುರು ಮನೆಯವರು ಗೇಟಿನಲ್ಲಿ ನಿಂತಿದ್ದರು. ಡಬ್ಬಿ ಕಂಡು "ಹೊಸದಾ? ಹೆಂಗದೆ?" ಎಂದು ಕೇಳಿದರು. ನಾನು ಬಾಯಿ ತೆರೆಯುವಷ್ಟರಲ್ಲಿ ಇವರೇ ಹೇಳಿದರು: "ಎಂತದೂ ಇಲ್ಲ ಮಾರಾಯ್ರೆ. ತಗಡು." ಹಾಗೆಂದವರೇ ನನ್ನ ಕಡೆ ತಿರುಗಿ, ಚೀಲದಿಂದ ಚಾಚಿದ ಬಾಲವನ್ನು ನೋಡುವಂತೆ ಡಬ್ಬಿಯನ್ನು ನೋಡಿದರು. ನನಗೆ ತಿಳಿಯಿತು, ಇವರಿಗೆ ಗುಟ್ಟು ತಿಳಿಯಿತು ಎಂದು.

ಮರುದಿನ ಬೆಳಿಗ್ಗೆ ಯಜಮಾನರು ಚಹಾ ಕುಡಿಯುತ್ತ ತಮ್ಮದೇ ಫೋನನ್ನು ಲುಂಗಿಗೆ ಒರೆಸಿ ಒರೆಸಿ ನನ್ನ ಮುಂದಿಟ್ಟರು.

"ಇದು ಬಾರೀ ಚಲೋ ಅದೆ, ಗೊತ್ತುಂಟಾ? ಒಂದು ಗೀರಿಲ್ಲ. ಹೊಸದರ ಹಾಗೇ. ನೀ ಇಟ್ಕೊ ಬೇಕಾರೆ. ಆ ತಗಡಿನ ಕೂಡೆ ನಾನೇ ಹೆಂಗಾದ್ರೂ ಸುಧಾರಿಸ್ತೆ."

ನಾನು ಅವರ ಲೋಟಕ್ಕೆ ಇನ್ನಷ್ಟು ಚಹಾ ಹಾಕಿದೆ. ಸಿಸ್ಟರ್ ಕಲಿಸಿದ ದನಿಯಲ್ಲೇ ಹೇಳಿದೆ:

"ಅಷ್ಟು ಚಲೋ ಫೋನು ನಂಗ್ಯಾಕೆ? ನೀವೇ ಇಟ್ಕೊಳ್ಳಿ. ನಂಗೆ ಈ ಹಾಳಾದ್ದೇ ಸಾಕು."